ಹದಿಮೂರನೆಯ ಗಂಟು

"ಅಜ್ಜಾರ, ಕುರ್ಚಿಗೆ ಸಾಗವಾನಿ ಚಲೋನೋ, ಬೀಟೆ ಚಲೋನೋ?"

ಕೇಳಿದವನು ಈರಬಸಪ್ಪ, ಮಠದ ಹಳೆಯ ಶಿಷ್ಯ. ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಮಠದ ಅಜ್ಜಾರನ್ನು, ತನ್ನ ಗುರುಗಳನ್ನು, ಕರೆಯಲು ಹೆಂಡತಿ ನೀಲವ್ವನೊಡನೆ ಬಂದಿದ್ದ. ಅವನು ಒಳಗೆ ಬಂದು ಚಾಪೆಯ ಮೇಲೆ ಕುಳಿತ. ನೀಲವ್ವ ಬಾಗಿಲಾಚೆ ಕಂಬಕ್ಕೆ ಕೈ ಕೊಟ್ಟು ನಿಂತಳು. ಕೂಡು ತಾಯಿ ಎಂದು ಗುರುಗಳು ಹೇಳಿದರು. ಇರಲ್ರಿ ಎಂದಳು.

ಈರಬಸಪ್ಪ ಕಿಸೆಯಿಂದ ಒಂದು ದಾರ ತೆಗೆದ. ಅದರ ತುಂಬ ಗಂಟುಗಳಿದ್ದವು. ಅಳತೆ ತರಲು ಊರಿನ ಬಡಿಗ ಹೇಳಿದ್ದನಂತೆ. ಒಂದು ಅಳತೆಗೆ ಒಂದು ಗಂಟು. ಅವನು ಬೆರಳಿಟ್ಟು ತೋರಿಸುತ್ತ ಹೋದ. ಇದು ಕಿಟಕಿಯ ಎತ್ತರ, ಕುರ್ಚಿಯ ಬೆನ್ನು ಅದನ್ನು ಮುಚ್ಚಬಾರದು. ಇದು ಬಾಗಿಲಿನ ಅಗಲ, ಮಂಚ ಒಳಗೆ ಹೋಗಬೇಕು. ಇದು ಬೀಗರು ಕೂಡುವ ಬೆಂಚಿನದು. ಇದು ಗುರುಗಳು ಪಾದಪೂಜೆಗೆ ಬಂದಾಗ ಕೂಡುವ ಪೀಠದ್ದು.

"ಬಂದವರು ನೋಡಿ ಭೇಷ್ ಅನಬೇಕ್ರಿ," ಎಂದ. "ಯಾವ ಕಟ್ಟಿಗಿ ಅಂತ ನೀವ ಹೇಳ್ರಿ."

ಗುರುಗಳು ದಾರವನ್ನು ಕೈಗೆ ತೆಗೆದುಕೊಂಡರು. ಒಮ್ಮೆ ಬಾಗಿಲಿನ ಕಡೆ ನೋಡಿದರು. ಬಳಿಕ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆಯ ವ್ಯಾಪಾರಿ ಇದ್ದ. ಅವನಿಗೆ ಒಂದು ವಿದ್ಯೆ ಸಿದ್ಧಿಸಿತ್ತು. ಅಂಗಡಿಯ ಮೆಟ್ಟಿಲು ಹತ್ತುವವನನ್ನು ಒಮ್ಮೆ ನೋಡಿದರೆ ಸಾಕು, ಅವನ ಅಂಗಿಗೆ ಎಷ್ಟು ಬಟ್ಟೆ ಬೇಕೆಂದು ಹೇಳಿಬಿಡುತ್ತಿದ್ದ. ಆಮೇಲೆ ಗಜಕಡ್ಡಿ ಹಿಡಿದು ನೋಡಿದರೆ ಒಂದು ಬೆರಳಿನಷ್ಟೂ ತಪ್ಪಿರುತ್ತಿರಲಿಲ್ಲ. ಆ ಕಣ್ಣಳತೆಯ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಇರಲಿ, ಹೆಮ್ಮೆಪಡುವಂಥ ವಿದ್ಯೆಯೇ ಅದು.

ಹೆಂಡತಿಗೆ ಮಾತ್ರ ಅವನು ಅಳೆದು ಬಟ್ಟೆ ತಂದವನಲ್ಲ. ಥಾನಿನ ಕೊನೆಗೆ ಉಳಿದ ತುಂಡನ್ನು ಸಂಜೆ ಮನೆಗೆ ತರುತ್ತಿದ್ದ. ತುಂಡು ಚಿಕ್ಕದಾದರೆ ಅವಳು ಇನ್ನೊಂದನ್ನು ಜೋಡಿಸಿ ಕುಪ್ಪಸ ಹೊಲಿದುಕೊಳ್ಳುತ್ತಿದ್ದಳು. ದೊಡ್ಡದಾದರೆ ಒಳಗೆ ಮಡಿಚಿ ಹೊಲಿಯುತ್ತಿದ್ದಳು. ಸಾಲದು ಎಂದು ಅವಳು ಹೇಳಲಿಲ್ಲ. ಸಾಕಾಯಿತೇ ಎಂದು ಅವನು ಕೇಳಲಿಲ್ಲ.

ವ್ಯಾಪಾರ ಬೆಳೆಯಿತು. ಮನೆಗೆ ದೊಡ್ಡ ದೊಡ್ಡವರು ಬರತೊಡಗಿದರು. ಅವರನ್ನು ಜಮಖಾನದ ಮೇಲೆ ಕೂಡಿಸಲು ವ್ಯಾಪಾರಿಗೆ ನಾಚಿಕೆಯಾಯಿತು. ಹನ್ನೆರಡು ಕುರ್ಚಿ ಮಾಡಿಸಬೇಕೆಂದು ಒಬ್ಬ ಬಡಿಗನನ್ನು ಕರೆಸಿದ.

ಆ ಬಡಿಗ ಹಳೆಯ ಪದ್ಧತಿಯವನು. ಕುರ್ಚಿ ಬೇಕು ಎಂದರೆ ಕಟ್ಟಿಗೆಯ ಮಾತು ಎತ್ತುತ್ತಿರಲಿಲ್ಲ. ಯಾರು ಕೂಡುತ್ತಾರೆ ಎಂದು ಕೇಳುತ್ತಿದ್ದ. ಅವರ ಹಿಮ್ಮಡಿಯಿಂದ ಮೊಣಕಾಲಿನ ಹಿಂಬದಿಯವರೆಗೆ ದಾರ ಹಿಡಿದು ಗಂಟು ಹಾಕುತ್ತಿದ್ದ. ಕೂತಾಗ ಅಂಗಾಲು ಪೂರ್ತಿ ನೆಲಕ್ಕೆ ತಾಗಬೇಕು, ತಾಗದಿದ್ದರೆ ಎಂಥ ಕಟ್ಟಿಗೆಯಾದರೂ ಅದು ಒಲೆಗೇ ಸರಿ ಎನ್ನುತ್ತಿದ್ದ. ಅವನಿಗೂ ತನ್ನ ವಿದ್ಯೆಯ ಹೆಮ್ಮೆ ಇತ್ತು ಅನ್ನು.

ವ್ಯಾಪಾರಿ ನಕ್ಕ. ದೊಡ್ಡವರ ಮನೆಮನೆಗೆ ಹೋಗಿ ಕಾಲು ಅಳೆಯುವುದುಂಟೇ? ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಕಣ್ಣು ಮುಚ್ಚಿ ಒಬ್ಬೊಬ್ಬರನ್ನೇ ನೆನೆದು ಅಳತೆ ಹೇಳಿದ. ಗೌಡರಿಗೆ ಇಷ್ಟು, ಅಮಲ್ದಾರರಿಗೆ ಇಷ್ಟು, ದಲ್ಲಾಳಿಗೆ ಇಷ್ಟು. ವರ್ಷಕ್ಕೊಮ್ಮೆ ಬರುವ ಸೂರತ್ತಿನ ವ್ಯಾಪಾರಿಯ ಅಳತೆಯನ್ನೂ ಬಿಡಲಿಲ್ಲ. ಹನ್ನೊಂದು ಗಂಟು ಅವರೆಲ್ಲರವು, ಒಂದು ತನ್ನದು.

ಬಡಿಗ ಹಿತ್ತಲಿನಲ್ಲಿ ಕೂತು ಒಂದು ತಿಂಗಳು ಕೆಲಸ ಮಾಡಿದ. ಕುರ್ಚಿಗಳು ಮುಗಿದ ದಿನ ಬಂದು ಕೈಕಟ್ಟಿ ನಿಂತ.

"ಸಾವಕಾರ್ರ, ಅವ್ವಾರಿಗೂ ಒಂದು ಮಾಡ್ಲೇನ್ರಿ? ಕಟ್ಟಿಗಿ ಉಳದೈತಿ."

"ಆಕಿ ಹುಟ್ಟಿದಾಗಿಂದ ನೆಲಕ್ಕ ಕೂತಾಕಿ. ಆಕಿಗೆ ಕುರ್ಚಿ ಯಾಕೋ?"

ಬಡಿಗ ಉಳಿದ ಕಟ್ಟಿಗೆಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋದ.

ಕುರ್ಚಿಗಳಿಗೆ ಒಳ್ಳೆಯ ಹೆಸರು ಬಂತು. ಕೂತವರು ಏಳಲು ಮನಸ್ಸು ಮಾಡುತ್ತಿರಲಿಲ್ಲ. ಅವರು ಏಳದಿದ್ದರೆ ಒಳಗೆ ಇನ್ನೊಮ್ಮೆ ಚಹಾ ಕುದಿಯಬೇಕು. ಹೀಗೆ ಏಳೆಂಟು ವರ್ಷ ಕಳೆಯಿತು. ಹೆಂಡತಿಯ ಮೊಣಕಾಲು ಹಿಡಿದುಕೊಂಡವು. ನೆಲದಿಂದ ಏಳಬೇಕಾದರೆ ಗೋಡೆಗೆ ಅಂಗೈ ಊರಬೇಕಾಯಿತು. ನೆಲದ ಮೇಲೆ ಕೂಡಲಾಗುವುದಿಲ್ಲವೆಂದು ಒಂದು ದಿನ ಅವಳು ಬಾಯಿಬಿಟ್ಟು ಗಂಡನಿಗೆ ಹೇಳಿದಳು.

ಪಡಸಾಲೆಯಲ್ಲಿ ಹನ್ನೆರಡು ಕುರ್ಚಿ ಇವೆಯಲ್ಲ, ಬೇಕಾದ್ದರ ಮೇಲೆ ಕೂಡು, ಬೇಡವೆಂದವರು ಯಾರು ಎಂದು ಅವನು ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದ. ಹೇಳಿ ಅಂಗಡಿಗೆ ಹೋದ.

ಅವಳು ಹನ್ನೆರಡರ ಮೇಲೂ ಕೂತು ನೋಡಿದಳು. ಗಿಡ್ಡ ಹೆಂಗಸು. ಒಂದರಲ್ಲೂ ಅವಳ ಕಾಲು ನೆಲ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದಕ್ಕೇ ಜೋತ ಪಾದಗಳು ಬಾತುಕೊಂಡವು. ಅವಳು ಇಳಿದು ಅಡುಗೆಮನೆಗೆ ಹೋದಳು. ಗೋಡೆಗೆ ತಲೆಯಾನಿಸಿ ಮತ್ತೆ ನೆಲದ ಮೇಲೆಯೇ ಕೂತಳು. ಆಮೇಲೆ ಆ ಮಾತು ಎತ್ತಲಿಲ್ಲ. ಎತ್ತದೆ ಇದ್ದುದರಿಂದ ಕಾಲುನೋವು ವಾಸಿಯಾಯಿತೆಂದು ಗಂಡ ತಿಳಿದ. ಇಂಥ ಜಾಣರು ಎಲ್ಲ ಊರಿನಲ್ಲೂ ಇದ್ದಾರೆ.

ಎರಡು ವರ್ಷದ ಮೇಲೆ ಅವಳಿಗೆ ಜ್ವರ ಬಂತು. ಎಂಟು ದಿನದಲ್ಲಿ ತೀರಿಕೊಂಡಳು.

ಮಣ್ಣು ಕೊಟ್ಟು ಬಂದ ಮೇಲೆ ದೊಡ್ಡವರೆಲ್ಲ ಬಂದು ತಮ್ಮ ತಮ್ಮ ಕುರ್ಚಿಯಲ್ಲಿ ಕೂತು ಸಮಾಧಾನ ಹೇಳಿದರು. ಎಲ್ಲರ ಪಾದವೂ ನೆಲಕ್ಕೆ ಸರಿಯಾಗಿ ತಾಗಿತ್ತು. ಅವರು ಎದ್ದು ಹೋದ ಮೇಲೆ ವ್ಯಾಪಾರಿ ನೀರು ಕುಡಿಯಲು ಅಡುಗೆಮನೆಗೆ ಹೋದ. ಅಲ್ಲಿ ಗೋಡೆಯ ಮೇಲೆ ತಲೆಯೆಣ್ಣೆಯ ಕಲೆ ಇತ್ತು. ಅದರ ಪಕ್ಕದಲ್ಲಿ ಅಂಗೈ ಊರಿ ಊರಿ ಸುಣ್ಣ ಸವೆದು ಮಣ್ಣು ಕಾಣುತ್ತಿತ್ತು. ಆ ಗೋಡೆ ಮೊದಲಿನಿಂದಲೂ ಅಲ್ಲಿಯೇ ಇತ್ತು. ಅವನು ಅದನ್ನು ನೋಡಿದ್ದು ಅಂದು.

ಮರುದಿನ ಬಡಿಗನ ಮನೆಗೆ ಹೋದ. ಅವಳ ಹೆಸರಿನಲ್ಲಿ ಒಂದು ಕುರ್ಚಿ ಮಾಡಿಕೊಡು ಎಂದ. ಬಡಿಗ ದಾರ ಹಿಡಿದು ಅಳತೆ ಹೇಳಿರಿ ಎಂದ.

ವ್ಯಾಪಾರಿ ಕಣ್ಣು ಮುಚ್ಚಿದ. ಗೌಡರ ಕಾಲು ಬಂತು. ಅಮಲ್ದಾರರ ಕಾಲು ಬಂತು. ಸೂರತ್ತಿನವನ ಕಾಲೂ ಬಂತು. ಮೂವತ್ತು ವರ್ಷ ಜೊತೆಗಿದ್ದವಳ ಕಾಲು ಬರಲಿಲ್ಲ. ಮತ್ತೆ ಮತ್ತೆ ಕಣ್ಣು ಮುಚ್ಚಿ ನೋಡಿದ. ತಾನು ತಂದ ತುಂಡು ಬಟ್ಟೆಗಳು ಕಂಡವು, ಅವನ್ನು ತೊಟ್ಟವಳು ಕಾಣಲಿಲ್ಲ. ಊರಿನ ಮುಂದೆ ಅಳದಿದ್ದವನು ಬಡಿಗನ ಮುಂದೆ ಅತ್ತ.

ಬಡಿಗ ಗೂಟಕ್ಕೆ ತೂಗುಹಾಕಿದ್ದ ಒಂದು ಹಳೆಯ ದಾರ ತಂದ. ಮಾಡಿಕೊಟ್ಟ ಸಾಮಾನು ದುರಸ್ತಿಗೆ ಬಂದರೆ ಬೇಕಾಗುತ್ತದೆಂದು ಅವನು ದಾರಗಳನ್ನು ಎಸೆಯುತ್ತಿರಲಿಲ್ಲ. ಅದರಲ್ಲಿ ಹದಿಮೂರು ಗಂಟುಗಳಿದ್ದವು.

"ನಾ ಹಿತ್ತಲದಾಗ ಕೆಲಸ ಮಾಡೂಮುಂದ ಅವ್ವಾರು ದಿನಾ ಮಜ್ಜಿಗಿ ತರತಿದ್ರು," ಎಂದ. "ನಾ ಕುಡದು ಮುಗಸೂತನಕ ಅಲ್ಲೇ ಒಟ್ಟಿದ ಹಲಗಿ ಮ್ಯಾಲ ಕೂಡತಿದ್ರು. ಪಾದ ನೆಲಕ್ಕ ಬರೋಬ್ಬರಿ ಹತ್ತತಿತ್ತು. ಇಲ್ಲಿ ಕೂತ್ರ ಜೀವಕ್ಕ ಹಗುರ ಆಗತೈತಿ ನೋಡಪಾ ಅಂದಿದ್ರು. ಆ ಎತ್ತರಕ್ಕ ಒಂದು ಗಂಟು ಹಾಕಿದ್ದೆ. ಅದಕ್ಕ ಅವತ್ತು ನಿಮ್ಮನ್ನ ಕೇಳಿದ್ದು."

ಆ ಒಂದು ತಿಂಗಳು ಅವಳಿಗೆ ಕೂಡಲು ಒಂದು ಜಾಗ ಇತ್ತು. ಬಡಿಗ ಕಟ್ಟಿಗೆ ಹೇರಿಕೊಂಡು ಹೋದ ದಿನ ಅದೂ ಹೋಯಿತು. ಹೇರಿಸಿ ಕಳಿಸಿದವನು ತಾನೇ ಎಂಬುದು ವ್ಯಾಪಾರಿಗೆ ಆಗ ತಿಳಿಯಿತು.

ಕುರ್ಚಿ ಸಿದ್ಧವಾಯಿತು. ವ್ಯಾಪಾರಿ ಅದನ್ನು ಅಡುಗೆಮನೆಯಲ್ಲಿ, ಎಣ್ಣೆಯ ಕಲೆಯ ಕೆಳಗೆ ಇಟ್ಟ. ತಾನು ಅದರ ಮೇಲೆ ಕೂಡಲಿಲ್ಲ. ಬೇರೆಯವರನ್ನೂ ಕೂಡಗೊಡಲಿಲ್ಲ. ದಿನವೂ ಅದರ ಎದುರಿಗೆ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದ. ವಯಸ್ಸಾದ ಮೇಲೆ ಅವನೂ ಏಳುವಾಗ ಗೋಡೆಗೆ ಅಂಗೈ ಊರತೊಡಗಿದ.

ಗುರುಗಳು ಕತೆ ನಿಲ್ಲಿಸಿದರು.

ಈರಬಸಪ್ಪ ನಿಟ್ಟುಸಿರು ಬಿಟ್ಟ. ಪಾಪ ಎಂದ. ಆಮೇಲೆ ಕೇಳಿದ.

"ಆ ಕಡೀ ಕುರ್ಚಿ ಯಾವ ಕಟ್ಟಿಗಿದು ಇತ್ರೀ, ಅಜ್ಜಾರ?"

ಗುರುಗಳು ಬಾಗಿಲಿನ ಕಡೆ ನೋಡಿದರು. ಬಾಗಿಲಾಚೆ ನೀಲವ್ವ ಇನ್ನೂ ನಿಂತೇ ಇದ್ದಳು. ಅವರು ಕೈಯಲ್ಲಿದ್ದ ದಾರವನ್ನು ಶಿಷ್ಯನ ಮುಂದೆ ಚಾಪೆಯ ಮೇಲೆ ಉದ್ದಕ್ಕೆ ಇಟ್ಟರು.

"ಇದರಾಗ ನೀಲವ್ವನ ಗಂಟು ಯಾವುದಪಾ?"