ಮಸಿ ಕಾಣದ ಓಲೆಗರಿ

"ಗುರುಗಳೇ, ನನ್ನ ಯುದ್ಧಕಾವ್ಯ ಮುಗಿದಿದೆ. ಆದರೆ ನಗರದಲ್ಲಿ ಈಗ ಎಂಥ ಕಾವ್ಯವನ್ನು ಓದಿಸುತ್ತಾರೆ, ಯಾವುದರ ಪ್ರತಿ ಮಾಡಿಸುತ್ತಾರೆ ಎಂಬ ಸುದ್ದಿ ಪೂರ್ತಿಯಾಗಿ ತಿಳಿಯುವವರೆಗೆ ಹೊರಗೆ ಕಳುಹಿಸಬಾರದೆಂದು ಕಾದಿದ್ದೇನೆ. ಇದು ವಿವೇಕವಲ್ಲವೇ?" ಎಂದು ಶಿಷ್ಯನು ಕೇಳಿದನು. ಓಲೆಗರಿಯ ಕಟ್ಟು ಅವನ ಮಡಿಲಲ್ಲಿತ್ತು. ಅದನ್ನು ಎರಡು ಕೈಗಳಿಂದಲೂ ಹಿಡಿದುಕೊಂಡಿದ್ದನು.

ಗುರು ಹೇಳಿದರು:

ಒಬ್ಬ ಕವಿಯಿದ್ದನು. ಜೀವಮಾನದಲ್ಲಿ ಒಂದೇ ಕಾವ್ಯ ಬರೆದನು. ತಾನು ಸತ್ತ ಮೇಲೂ ಅದು ಉಳಿಯಬೇಕು ಎಂಬುದೊಂದೇ ಅವನ ಆಸೆ. ಬರೆಯುವ ಕಬ್ಬಿಣದ ಕಂಟದಿಂದ ಗರಿಯ ಮೇಲೆ ಕೊರೆದ ಅಕ್ಷರ ಹಾಗೆಯೇ ಕಾಣುವುದಿಲ್ಲ. ಮಸಿ ಸವರಿ ಒರೆಸಿದಾಗ ಮಾತ್ರ ಕಾಣುತ್ತದೆ. ಇದು ನಿನಗೂ ಗೊತ್ತು. ಮಸಿ ಸವರಿದ ಮೇಲೆ ತಪ್ಪನ್ನು ಮುಚ್ಚಿಡಲಾಗದು. ಸವರಿದವನ ಅಂಗೈಯ ಕಪ್ಪೂ ಬೇಗ ಹೋಗದು.

ವರ್ಷಕ್ಕೊಮ್ಮೆ ಆ ಊರಿಗೆ ಒಬ್ಬ ವರ್ತಕ ಬರುತ್ತಿದ್ದನು. ಹೋಗುವಾಗ ಕಾವ್ಯಗಳನ್ನು ನಗರದ ಲಿಪಿಕಾರರಿಗೆ ಒಯ್ಯುತ್ತಿದ್ದನು. ಬರುವಾಗ ಬರೆಯುವವರಿಗೆ ಕಂಟ, ಗರಿ, ಸುದ್ದಿ ತರುತ್ತಿದ್ದನು. ಕವಿ ಸುದ್ದಿಯನ್ನೇ ಮೊದಲು ಕೇಳುತ್ತಿದ್ದನು.

ಒಂದು ವರ್ಷ, ಯುದ್ಧದ ಕಾವ್ಯ ಯಾರಿಗೂ ಬೇಡವಾಗಿದೆ ಎಂದು ವರ್ತಕ ಹೇಳಿದನು. ಕವಿಯದು ಯುದ್ಧದ ಕಾವ್ಯ. ಅವನು ಮಸಿ ಕಲಸಲಿಲ್ಲ. ಮರುವರ್ಷ, ಎಲ್ಲರೂ ಯುದ್ಧವನ್ನೇ ಬರೆಯುತ್ತಿದ್ದಾರೆ ಎಂದನು. ತನ್ನದು ಅವುಗಳಲ್ಲಿ ಮುಳುಗಿಹೋದೀತೆಂದು ಕವಿ ಹೆದರಿದನು. ಇನ್ನೊಮ್ಮೆ, ಯಾರದೋ ಕೃತಿಯನ್ನು ಸಭೆಯಲ್ಲಿ ಓದಿಸಿ, ನಕ್ಕು, ಒಲೆಗೆ ಹಾಕಿದರೆಂಬ ಸುದ್ದಿ ಬಂತು. ಆಮೇಲೆ ಕವಿಗೆ ನಿದ್ದೆ ಹತ್ತಲಿಲ್ಲ. ಬೀದಿಯಲ್ಲಿ ವರ್ತಕನ ಎತ್ತಿನ ಗಂಟೆ ಕೇಳಿದರೆ ಓಲೆಯ ಕಟ್ಟನ್ನು ಬಚ್ಚಿಡುತ್ತಿದ್ದನು. ಆದರೂ ವರ್ತಕನ ದಾರಿ ಕಾಯದೆ ಇರಲು ಅವನಿಂದ ಆಗಲಿಲ್ಲ.

"ಏನು ಕವಿಗಳೇ, ಈ ಸಲವೂ ಅಂಗೈ ಬೆಳ್ಳಗೇ ಇದೆಯಲ್ಲ! ನಿಮ್ಮ ಕಾವ್ಯದ ಹೆರಿಗೆ ಯಾವಾಗ?" ಎಂದು ವರ್ತಕ ನಕ್ಕನು.

"ನಗಬೇಡಪ್ಪ. ನನ್ನಲ್ಲಿರುವುದು ಇದೊಂದೇ. ಮುಂದಿನ ಸಲ ಒಳ್ಳೆಯ ಸುದ್ದಿ ತಾ, ಮಸಿ ಸವರಿ ಕೊಡುತ್ತೇನೆ."

ಮುಂದಿನ ಸಲ ವರ್ತಕ ಒಳ್ಳೆಯ ಸುದ್ದಿಯನ್ನೇ ತಂದನು. ಆದರೆ ಅಷ್ಟರಲ್ಲಿ ಕವಿ ಸತ್ತಿದ್ದನು. ಮನೆಯವರು ಕೊಟ್ಟ ಕಟ್ಟನ್ನು ವರ್ತಕ ನಡುಮನೆಯ ಮಬ್ಬಿನಲ್ಲಿ ಬಿಚ್ಚಿ ನೋಡಿದನು. ಕೊರೆದ ಗೀರುಗಳು ಗರಿಯ ನಾರಿನಂತೆ ಕಂಡವು. ಪಾಪ, ಬರೆದಿದ್ದೇನೆ ಎನ್ನುತ್ತಲೇ ಹೋದನು, ಕೊನೆಗೂ ಒಂದಕ್ಷರ ಬರೆಯಲಿಲ್ಲ ಎಂದುಕೊಂಡನು. ಬರಿಯ ಗರಿಗಳೆಂದು ಬೇರೆ ಊರಿನ ಬರಹಗಾರನಿಗೆ ಮಾರಿದನು.

ಆ ಬರಹಗಾರನೂ ಗೀರುಗಳನ್ನು ನಾರೆಂದೇ ತಿಳಿದು ಅವುಗಳ ಮೇಲೆ ತನ್ನ ಕಾವ್ಯ ಕೊರೆದನು. ಮುಗಿದ ದಿನವೇ ಮಸಿ ಸವರಿ ಒರೆಸಿದನು. ಅವನ ಸಾಲುಗಳ ನಡುವೆ, ಅವನ ಅಕ್ಷರಗಳ ಹೊಟ್ಟೆಯೊಳಗೆ, ಇನ್ನಾರದೋ ಅಕ್ಷರಗಳು ಕಪ್ಪಾಗಿ ಎದ್ದವು. ಇನ್ನೊಂದು ಗರಿಗೆ ಸವರಿದನು. ಅಲ್ಲಿಯೂ ಎದ್ದವು. ತನ್ನದನ್ನೂ ಓದಲಾಗಲಿಲ್ಲ, ಆ ಇನ್ನೊಬ್ಬನದನ್ನೂ ಓದಲಾಗಲಿಲ್ಲ. ಅವನು ಕಿರುಚಿಕೊಂಡು ಇಡೀ ಕಟ್ಟನ್ನು ಒಲೆಗೆ ಎಸೆದನು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಬಿಳಿಚಿಕೊಂಡಿತ್ತು. ಅವನು ಮೆಲ್ಲಗೆ ಕೇಳಿದನು: "ಹಾಗಾದರೆ, ನಗರದಲ್ಲಿ ಯುದ್ಧದ ಕಾವ್ಯ ಈಗ ಬೇಕಂತೆಯೇ, ಗುರುಗಳೇ?"

"ನಿನ್ನ ಅಂಗೈ ತೋರಿಸು" ಎಂದರು ಗುರು.