ಹಿಮದಲ್ಲಿ ಮೊದಲು ಹೋದವಳು

ಹಿಮಾಲಯದ ತಪ್ಪಲಲ್ಲಿ ಒಂದು ತರಬೇತಿ ಶಿಬಿರ. ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿಕೊಂಡು, ಎರಡು ಕೋಲು ಊರುತ್ತ, ಹಿಮದ ಏರಿಳಿತದಲ್ಲಿ ಮೈಲಿಗಟ್ಟಲೆ ಓಡುವ ಹುಡುಗಿಯರ ಶಿಬಿರ. ಎಲ್ಲರೂ ಕರ್ನಾಟಕದಿಂದ ಆಯ್ಕೆಯಾಗಿ ಬಂದ ಗಟ್ಟಿಗಿತ್ತಿಯರೇ. ಆದರೆ ದೇಶದ ತಂಡದಲ್ಲಿ ಜಾಗ ಇದ್ದದ್ದು ಇಬ್ಬರಿಗೆ ಮಾತ್ರ.

ಕಲಿಸುವವರು ಹುಕ್ಕೇರಿ ಸರ್. ಗೋಕಾಕದ ಕಡೆಯವರು, ಸೈನ್ಯದಲ್ಲಿದ್ದು ಬಂದವರು. ಅವರದೊಂದು ನಿಯಮ: ಹೊಸ ಹಿಮ ಬಿದ್ದ ದಿನ ಹೊಸಬಳೇ ಮೊದಲು ಹೊರಡಬೇಕು. ಹಿಮ ಒತ್ತುವ ಯಂತ್ರ ಅಲ್ಲಿರಲಿಲ್ಲ. ಮುಂದೆ ಹೋದವಳ ಹಲಗೆಯೇ ಹಿಮ ಸೀಳಿ ಜಾಡು ಮಾಡಬೇಕು. ಹಿಂದಿನವರು ಅದೇ ಜಾಡಿನಲ್ಲಿ ಸುಯ್ಯನೆ ಜಾರಿಕೊಂಡು ಬರುತ್ತಾರೆ. ಇದಕ್ಕೆ ಸರ್ ಇಟ್ಟ ಹೆಸರು 'ಹೊಸಬರ ಮರ್ಯಾದೆ'.

ಬಿಟ್ಟಿ ಚಾಕರಿಗೆ ಮರ್ಯಾದೆ ಎಂದು ಹೆಸರಿಡುವುದು ದೊಡ್ಡವರ ಹಳೇ ಚಾಳಿ, ಮಕ್ಕಳೇ. ಹಾಗೆಂದು ಸರ್ ಕೆಟ್ಟವರಲ್ಲ. ಕಷ್ಟಪಟ್ಟರೆ ಮಕ್ಕಳು ಗಟ್ಟಿಯಾಗುತ್ತಾರೆ ಎಂದು ಮನಸಾರೆ ನಂಬಿದ್ದರು. ಯಾರ ಕಷ್ಟದಲ್ಲಿ ಯಾರು ಗೆಲ್ಲುತ್ತಾರೆ ಎಂದು ಮಾತ್ರ ಯೋಚಿಸಿರಲಿಲ್ಲ.

ಆಯ್ಕೆಯ ದಿನ ಬೆಳಗಾದಾಗ ಮೊಣಕಾಲುದ್ದ ಹೊಸ ಹಿಮ. ಒಬ್ಬೊಬ್ಬರಾಗಿ ಓಡಬೇಕು, ಗಡಿಯಾರ ತೀರ್ಪು ಹೇಳಬೇಕು. ಹೊಸಬಳಾದ ಮುಂಡಗೋಡಿನ ಲುವೀಜಾ ಮೊದಲು ಹೊರಟಳು. ಹಳಬಳಾದ ಮಡಿಕೇರಿಯ ದೇಚಮ್ಮ ಕೊನೆಗೆ. ಗಡಿಯಾರದಲ್ಲಿ ದೇಚಮ್ಮ ಮೊದಲು, ಲುವೀಜಾ ಕೊನೆ.

"ಏನವ್ವಾ, ನಿನ್ನೆ ಚಿಗರಿ ಹಂಗ ಓಡತಿದ್ದಿ. ಇವತ್ತು ಯಾಕ ಆಮೆ ಆದಿ?" ಎಂದರು ಸರ್.

"ಚಿಗರಿಗೆ ನೇಗಿಲು ಕಟ್ಟಿದ್ರಿ ಸರ್," ಎಂದಳು ಲುವೀಜಾ.

ಸರ್‌ಗೆ ಕೋಪ ಬಂತು. "ನೆಪ ಹೇಳಬ್ಯಾಡ."

"ಹಂಗಾದ್ರ ಆ ಕಡೆ ಗುಡ್ಡ ಯಾರೂ ತುಳಿದಿಲ್ಲ. ನೀವು ಮುಂದ ಹೋಗ್ರಿ, ನಾ ಹಿಂದ ಬರ್ತೀನಿ."

ಗಡಿಯಲ್ಲಿ ಹಿಮ ತುಳಿದ ನನಗೆ ಇದೆಷ್ಟರದು ಎಂದುಕೊಂಡು ಸರ್ ಹಲಗೆ ಕಟ್ಟಿದರು. ಅರ್ಧ ಏರಿಗೆ ತೊಡೆ ಉರಿಯತೊಡಗಿತು. ಎದೆ ತಿದಿಯಂತೆ ಊದತೊಡಗಿತು. ಹಿಂದಿನಿಂದ ಲುವೀಜಾಳ ದನಿ: "ಸರ್, ಹಾಡು ಹೇಳ್ಲೇನು? ಬ್ಯಾಸರ ಬರಾಕತ್ತೈತಿ."

ಸರ್ ಏನೋ ಹೇಳಲು ತಿರುಗಿದರು. ತಿರುಗಿದವರು ಹಾಗೇ ಪಕ್ಕಕ್ಕೆ ಹಿಮದೊಳಗೆ ಬಿದ್ದರು. ಕೆಳಗಿದ್ದ ಹುಡುಗಿಯರೆಲ್ಲ ಹೊಟ್ಟೆ ಹಿಡಿದು ನಕ್ಕರು.

"ಸರ್, ಟೀ ಅಲ್ಲಿಗೇ ಕಳಿಸಲಾ?" ಎಂದು ಕೂಗಿದಳು ದೇಚಮ್ಮ.

ಸರ್ ಮೀಸೆಯ ಹಿಮ ಒರೆಸಿಕೊಳ್ಳುತ್ತ ತಾವೂ ನಕ್ಕರು. ಕೆಳಗಿಳಿದು ಬಂದು, "ಇವತ್ತಿನ ಓಟ ಲೆಕ್ಕಕ್ಕಿಲ್ಲ. ನಾಳೆ ಮತ್ತ ಓಟ," ಎಂದರು. ದೇಚಮ್ಮನ ನಗು ನಿಂತಿತು.

"ನಾನು ಗೆದ್ದಿದ್ದೀನಲ್ಲ ಸರ್?"

"ಗೆದ್ದೀಯವ್ವಾ. ಗೆದ್ದಲು ಕಟ್ಟಿದ ಹುತ್ತದಾಗ ಹಾವು ಸೇರಿದಂಗ. ತಪ್ಪು ನಿಂದಲ್ಲ. ನಿಯಮ ಮಾಡಿದಾವ ನಾನು."

"ಹಾವು ಅಂದ್ರೂ ಬೇಜಾರಿಲ್ಲ. ನಾಳೆಯೂ ನಾನೇ ಗೆಲ್ತೀನಿ."

ಮರುದಿನ ಮತ್ತೆ ಹಿಮ ಬಿದ್ದಿತ್ತು. ಓಟಕ್ಕೆ ಮೊದಲು ಜಾಡು ಮಾಡಲು ಎಲ್ಲರೂ ಸಾಲಾಗಿ ಹೊರಟರು. ಮುಂದಿದ್ದವಳು ದಣಿದರೆ ಪಕ್ಕಕ್ಕೆ ಸರಿದು ಸಾಲಿನ ಹಿಂದಕ್ಕೆ, ಅವಳ ಹಿಂದಿದ್ದವಳು ಮುಂದಕ್ಕೆ. ದೇಚಮ್ಮನ ಪಾಳಿಯೂ ಬಂತು, ಏದುಸಿರು ಬಿಡುತ್ತ ಸರ್ ಪಾಳಿಯೂ ಬಂತು. ಜಾಡು ಮುಗಿದ ಮೇಲೆ ಸುಧಾರಿಸಿಕೊಂಡು ಓಟ ಶುರು ಮಾಡಿದರು.

ಹೇಳಿದಂತೆಯೇ ದೇಚಮ್ಮ ಗೆದ್ದಳು. ಎರಡನೆಯವಳು ಲುವೀಜಾ. ಇಬ್ಬರೂ ದೇಶದ ತಂಡಕ್ಕೆ.

"ಬೆಳಿಗ್ಗೆ ಮುಂದೆ ಹೋದಾಗಲೇ ನನ್ನ ಜೀವ ಬಾಯಿಗೆ ಬಂದಿತ್ತು ಕಣೆ," ಎಂದಳು ದೇಚಮ್ಮ. "ನೀನು ಇಷ್ಟು ಕಷ್ಟಪಡ್ತಿದ್ದೀಯ ಅಂತ ಇಷ್ಟು ದಿನ ಒಂದು ಸಲವೂ ನನಗೆ ಗೊತ್ತಾಗಲಿಲ್ಲ."

"ಹೆಂಗ ಗೊತ್ತಾಗಬೇಕಕ್ಕಾ? ನೀ ಹಿಂದ ಇದ್ದಿ. ನಿನಗ ಕಾಣತಿದ್ದದ್ದು ನನ್ನ ಬೆನ್ನು."

ಮುಖ ಕಾಣುವ ಜಾಗದಲ್ಲಿ ನಿಂತಿದ್ದವರು ಸರ್. ಅವರು ದಿನವೂ ನೋಡುತ್ತಿದ್ದದ್ದು ಗಡಿಯಾರವನ್ನು. ಈ ಮಾತು ಕೇಳಿ ಅವರು ಗಡಿಯಾರವನ್ನು ಜೇಬಿಗಿಳಿಸಿ, ಇಬ್ಬರಿಗೂ ತಾವೇ ಟೀ ಬಗ್ಗಿಸಿ ಕೊಟ್ಟರು.

ನೀತಿ: ದಾರಿ ಮಾಡುವ ಕೆಲಸವನ್ನು ಒಬ್ಬರ ಮೇಲೆ ಹೊರಿಸಿ, ಆಮೇಲೆ ಅವರನ್ನೇ ನಿಧಾನ ಎನ್ನುವುದು ಅನ್ಯಾಯ. ಮೊದಲು ಎಲ್ಲರೂ ಸೇರಿ ದಾರಿ ಮಾಡಿ. ಯಾರು ಜೋರು ಎಂದು ಅಳೆಯುವುದು ಆಮೇಲೆ.