ಗಿಣ್ಣು ಹಂಚಿದ ತುಂಗಿ

ಒಂದು ಕಾಡಿನಲ್ಲಿ ತುಂಗಿ ಎಂಬ ಕಾಡುಹಸು ಇದ್ದಳು. ಅವಳ ಮೂಗಿನ ಒಂದೊಂದು ಹೊಳ್ಳೆಯಲ್ಲೂ ಒಂದು ಜೋಡಿ ಗುಬ್ಬಿ ಸಂಸಾರ ಹೂಡಬಹುದಿತ್ತು. ಸುಳ್ಳೆನಿಸಿದರೆ ಗುಬ್ಬಿಗಳನ್ನೇ ಕೇಳಿ. ಆದರೆ ಅಲ್ಲಿ ಬಿಡಾರ ಹೂಡಿದ್ದವನು ರೋಗ ಹರಡುವ ಕ್ರಿಮಿ, ಹೆಸರು ಕೊಂಡಿ. ಸಾಸಿವೆ ಕಾಳನ್ನು ಸಾವಿರ ಹೋಳು ಮಾಡಿದರೆ, ಒಂದು ಹೋಳಿನ ಮೇಲೆ ಅವನ ಬಳಗವೆಲ್ಲ ಪಂಕ್ತಿ ಕೂತು ಉಣ್ಣಬಹುದಿತ್ತು.

ಕೊಂಡಿಯ ಮೈತುಂಬ ಕೊಕ್ಕೆಗಳು. ಅವುಗಳಿಂದಲೇ ಅವನು ಶ್ವಾಸಕೋಶಕ್ಕೆ ಅಂಟಿಕೊಳ್ಳುವುದು. ತುಂಗಿಯ ರಕ್ತದ ಕಾವಲುಗಾರರಿಗೆ ಆ ಕೊಕ್ಕೆಗಳ ಗುರುತಿತ್ತು. ಹಾಗಾಗಿ ಅವನು ಮೂಗು ದಾಟಿ ಒಳಗಿಳಿಯುತ್ತಿರಲಿಲ್ಲ.

ತುಂಗಿ ಕರು ಹಾಕಿದಳು. ಕೆಚ್ಚಲಲ್ಲಿ ಗಿಣ್ಣುಹಾಲು ತುಂಬಿತು. ಗಿಣ್ಣನ್ನು ನೆರೆಹೊರೆಗೆ ಹಂಚುವುದು ಆ ಕಾಡಿನ ಪದ್ಧತಿ.

"ಮೊದಲು ಕರುವಿಗೆ ಕುಡಿಸಲಾ?" ಎಂದು ತುಂಗಿ ಗೊಣಗಿದಳು.

"ನಾಲ್ಕು ಜನ ಏನಂದಾರು ತಂಗೀ?" ಎಂದ ಕೊಂಡಿ, ಮೂಗಿನೊಳಗಿಂದ. "ಕರಡಿಯಣ್ಣ ಬೆಳಗಿನಿಂದ ಕಾಯ್ತಿದ್ದಾನೆ. ಕರು ಎಲ್ಲಿಗೆ ಓಡಿಹೋಗುತ್ತೆ? ನಾಳೆ ಕುಡೀಲಿ ಬಿಡು."

ಕರಡಿ ಕುಡಿಯಿತು. ಕೋತಿ ಕುಡಿಯಿತು. ಮೊಲ ತುಟಿ ಒರೆಸಿಕೊಂಡಿತು. "ಬೆಲ್ಲ ಇಲ್ವಾ?" ಎಂದು ಕರಡಿ ಕೇಳಿತು. ಮರುದಿನ ಕರುವಿಗೆ ಸಿಕ್ಕಿದ್ದು ತೆಳ್ಳನೆಯ ಹಾಲು.

ತುಂಗಿ ಕರುವನ್ನು ನೆಕ್ಕುವಾಗ ಕೊಂಡಿ ಅದರ ಮೂಗಿಗೆ ದಾಟಿದ. ಒಳಗೆ ತಡೆಯುವವರೇ ಇರಲಿಲ್ಲ. ಮೂರನೆಯ ದಿನ ಕರು ಕೆಮ್ಮಿತು. ಐದನೆಯ ದಿನ ಬಾಯಿ ತೆರೆದು ಉಸಿರೆಳೆಯಿತು. ಏಳನೆಯ ದಿನ ಕತ್ತು ಚಾಚಿ ಮಲಗಿತು, ಏಳಲಿಲ್ಲ. ನೊಣ ಮುತ್ತುವವರೆಗೂ ತುಂಗಿ ಅದನ್ನು ನೆಕ್ಕುತ್ತಲೇ ಇದ್ದಳು.

"ನಿನ್ನ ಕಾವಲುಗಾರರು ಗಿಣ್ಣಿನಲ್ಲೇ ಕರುವಿಗೆ ದಾಟಬೇಕಿತ್ತು," ಎಂದಳು ಒಬ್ಬ ಮುದಿ ಹಸು. "ಅವರನ್ನೇ ಹಂಚಿಬಿಟ್ಟೆಯಲ್ಲೇ ಮಗಳೇ."

ಮರುವರ್ಷ ತುಂಗಿ ಮತ್ತೆ ಕರು ಹಾಕಿದಳು. ಕರಡಿ ಬಂತು. "ಈ ಸಲ ಜೇನು ನಾನೇ ತಂದಿದ್ದೀನಿ ತಂಗೀ."

"ಕೂತ್ಕೋ ಅಣ್ಣ. ಕರುವಿನ ಹೊಟ್ಟೆ ತುಂಬಲಿ. ಉಳಿದರೆ ನಿನಗೆ."

ಒಂದು ಹನಿಯೂ ಉಳಿಯಲಿಲ್ಲ. ಕರಡಿ ತನ್ನ ಜೇನು ತಾನೇ ನೆಕ್ಕಿಕೊಂಡು ಹೋಯಿತು.

ಸತ್ತ ಕರುವನ್ನು ನೆಕ್ಕಿದಾಗಲೇ ತುಂಗಿಯ ಮೂಗಿಗೆ ಮರಳಿದ್ದ ಕೊಂಡಿ, ಹೊಸ ಅಂಗಿ ತೊಟ್ಟು, ಬಳಗ ಕಟ್ಟಿಕೊಂಡು ಈ ಕರುವಿನ ಗಂಟಲಿಗಿಳಿದ. ಕಾವಲುಗಾರರು ಅಡ್ಡ ನಿಂತರು.

"ಯಾರಪ್ಪ ನೀನು?"

"ಧೂಳು ಮಾವ, ಬರೀ ಧೂಳು."

"ಅಂಗಿ ಹೊಸದು. ಕೊಕ್ಕೆ ಮಾತ್ರ ಹಳೇದು. ಬಿಚ್ಚಿಟ್ಟು ಹೋಗು."

ಕೊಕ್ಕೆ ಬಿಚ್ಚಿದರೆ ಅವನು ಅಂಟಲಾರ. ಬಿಚ್ಚದಿದ್ದರೆ ಅವರು ಬಿಡಲಾರರು. ಕಾವಲುಗಾರರು ಒಂದೊಂದು ಕೊಕ್ಕೆಯನ್ನೂ ಹಿಡಿದು, ಬಳಗ ಸಮೇತ ಅವನನ್ನು ಮುಗಿಸಿದರು.

ಕರು ಸೀನಿತು. ತುಂಗಿ ಮೇವು ಬಿಟ್ಟು ಅದರ ಮೂಗಿಗೆ ಕಿವಿಯಿಟ್ಟಳು. ಒಂದೇ ಸೀನು. ಕರು ಮತ್ತೆ ಕೆಚ್ಚಲಿಗೆ ಬಾಯಿ ಹಾಕಿತು. ಮೊದಲ ಕರು ಮಲಗಿದ್ದ ಜಾಗದಲ್ಲಿ ಹುಲ್ಲು ಸೊಂಪಾಗಿ ಬೆಳೆದಿತ್ತು. ತುಂಗಿ ಅದನ್ನು ಎಂದೂ ಮೇಯಲಿಲ್ಲ.

ನೀತಿ: ಕರುವಿನ ಪಾಲನ್ನು ಕರುವಿಗೆ ಕೊಟ್ಟ ಮೇಲೆಯೇ ನೆರೆಗೆ ಹಂಚಬೇಕು, ಪದ್ಧತಿಯ ಮಾತಾಡುವವನ ಮೈಯಲ್ಲಿ ಕೊಕ್ಕೆ ಇದೆಯೇ ಎಂದು ಮೊದಲು ನೋಡಬೇಕು.